ಲೇಕ್ ಲೂಯಿಸ್‌ಗೆ ಜುಲೈನಲ್ಲೇ ಹೋಗಬೇಕಾ?

ಪ್ರಶ್ನೆ: ನಾವು ಟೊರಾಂಟೊದಲ್ಲಿದ್ದೇವೆ. ಮೈಸೂರಿನಿಂದ ಅಪ್ಪ-ಅಮ್ಮ ಬರುತ್ತಿದ್ದಾರೆ, ಸೆಪ್ಟೆಂಬರ್ ಕೊನೆಯವರೆಗೂ ಇರುತ್ತಾರೆ. ಕೆನಡಾದ ರಾಕಿ ಬೆಟ್ಟಸಾಲಿನ ಬ್ಯಾನ್ಫ್ ರಾಷ್ಟ್ರೀಯ ಪಾರ್ಕಿನಲ್ಲಿರುವ ಲೇಕ್ ಲೂಯಿಸ್, ಮೊರೇನ್ ಲೇಕ್ ಎಂಬ ಕೆರೆಗಳನ್ನು ತೋರಿಸುವ ಆಸೆ. ಜುಲೈನಲ್ಲಿ ಅದರ ಹತ್ತಿರದ ಕ್ಯಾಲ್ಗರಿ ನಗರಕ್ಕೆ ಹೋಗಿ ಕಾರು ಬಾಡಿಗೆಗೆ ಹಿಡಿದರೆ ಸರೀನಾ? ಅಮ್ಮನಿಗೆ ಗದ್ದಲ ಆಗಲ್ಲ, ಮಂಡಿನೋವೂ ಇದೆ.

ಉತ್ತರ: ಕಾರು ಹಿಡಿಯಿರಿ, ಆದರೆ ಅದು ಕೆರೆ ದಡದವರೆಗೂ ಹೋಗುತ್ತದೆ ಅಂದುಕೊಳ್ಳಬೇಡಿ. ಮೊರೇನ್ ಲೇಕ್ ರಸ್ತೆಗೆ 2023ರಿಂದ ಸ್ವಂತ ವಾಹನ ಬಿಡುವುದಿಲ್ಲ, ಬಾಡಿಗೆ ಕಾರಿಗೂ ಅದೇ ನಿಯಮ. ಲೇಕ್ ಲೂಯಿಸ್‌ನಲ್ಲಿ ಪಾರ್ಕಿಂಗ್ ಇದೆ, ದುಡ್ಡು ಕೊಡಬೇಕು. ಬೇಸಿಗೆಯಲ್ಲಿ ಬೆಳಗಾಗುವ ಹೊತ್ತಿಗೇ ತುಂಬಿಹೋಗಿರುತ್ತದೆ, ಆಮೇಲೆ ಬಂದವರು ಸುಮ್ನೆ ಸುತ್ತು ಹಾಕಿ ವಾಪಸ್.

ಹಾಗಾಗಿ ಪಾರ್ಕ್ ನೋಡಿಕೊಳ್ಳುವ ಸರ್ಕಾರಿ ಸಂಸ್ಥೆ ಪಾರ್ಕ್ಸ್ ಕೆನಡಾದ ಶಟಲ್ ಬಸ್ಸೇ ವಾಸಿ. ಕೆಳಗೆ ಸ್ಕೀ ರೆಸಾರ್ಟ್ ಹತ್ತಿರ ಕಾರು ನಿಲ್ಲಿಸಿ ಬಸ್ ಹತ್ತುವುದು, ಅದೇ ಟಿಕೆಟ್‌ನಲ್ಲಿ ಎರಡೂ ಕೆರೆಗಳ ಮಧ್ಯೆ ಓಡಾಡಬಹುದು. ಒಂದಷ್ಟು ಸೀಟು ಏಪ್ರಿಲ್ ಹೊತ್ತಿಗೇ ಖಾಲಿಯಾಗುತ್ತವೆ. ಅದನ್ನು ನೋಡಿ ಎದೆಗುಂದಬೇಡಿ, ಜಾಸ್ತಿ ಪಾಲು ಬುಕಿಂಗ್‌ಗೆ ಬಿಡುವುದೇ ಹೊರಡುವ ದಿನಕ್ಕೆ ಎರಡು ದಿನ ಮೊದಲು, ಅಲ್ಲಿಯ ಬೆಳಗ್ಗೆ 8ಕ್ಕೆ. ನಿಮ್ಮ ಟೊರಾಂಟೊ ಗಡಿಯಾರದಲ್ಲಿ 10 ಗಂಟೆ, ಮರೆಯಬೇಡಿ.

ಇನ್ನು ತಿಂಗಳ ವಿಷಯ. ಜೂನ್ ಮೊದಲ ವಾರ ಜನ ಕಡಿಮೆ, ನಿಜ. ಆದರೆ ಲೂಯಿಸ್ ಮೇಲೆ ಇನ್ನೂ ಮಂಜುಗಡ್ಡೆ ಇರಬಹುದು, ಮೊರೇನ್‌ನಲ್ಲಿ ನೀರೂ ಕಡಿಮೆ. ಆ ನೀಲಿ ಬಣ್ಣ ಬರುವುದು ಹಿಮನದಿ ಅರೆದ ಕಲ್ಲಿನ ಪುಡಿಯಿಂದ, ಹಿಮ ಕರಗಿ ಅದು ಕೆರೆಗೆ ಇಳಿಯಬೇಕಲ್ವಾ? ಜುಲೈ, ಆಗಸ್ಟ್‌ನಲ್ಲಿ ಬಣ್ಣವೇನೋ ಭರ್ತಿ, ಜನವೂ ಅಷ್ಟೇ ಭರ್ತಿ.

ನಿಮಗೆ ಸೆಪ್ಟೆಂಬರ್ ಕೈಯಲ್ಲಿದೆ, ಅದನ್ನು ಬಿಡಬೇಡಿ. ಮೊದಲ ಸೋಮವಾರದ ಲೇಬರ್ ಡೇ ರಜೆ ಕಳೆದು ಮಕ್ಕಳೆಲ್ಲ ಶಾಲೆಗೆ ಹೋದ ಮೇಲೆ, ಎರಡನೇ ವಾರದ ಮಂಗಳವಾರವೋ ಬುಧವಾರವೋ ಹೋಗಿ. ಇನ್ನೂ ತಡ ಮಾಡಿದರೆ ಲಾರ್ಚ್ ಮರಗಳು ಹಳದಿಯಾಗುತ್ತವೆ, ಅದನ್ನು ನೋಡೋಕೆ ಮತ್ತೆ ಜಾತ್ರೆ ಸೇರುತ್ತದೆ. ಲಾರ್ಚ್ ಚೆಂದವೇ, ಆದರೆ ಅದಕ್ಕೆ ಬೆಟ್ಟ ಹತ್ತಬೇಕು, ನಿಮ್ಮ ಅಮ್ಮನಿಗೆ ಆಗದ ಮಾತು.

ಮಂಡಿನೋವಿನವರಿಗೆ ಲೂಯಿಸ್ ದಡದ ದಾರಿ ಒಳ್ಳೆಯದು, ಸಮತಟ್ಟು, ಸಾಕೆನಿಸಿದಲ್ಲಿ ತಿರುಗಬಹುದು. ಮೊರೇನ್‌ನಲ್ಲಿ ಎಲ್ಲರೂ ಫೋಟೊ ತೆಗೆಯುವ ಕಲ್ಲುಗುಡ್ಡೆಗೆ ಮೆಟ್ಟಿಲಿವೆ, ಅಮ್ಮ ಕೆಳಗೇ ಕೂತರೂ ಹತ್ತು ಶಿಖರಗಳ ಸಾಲು ಕಾಣುತ್ತದೆ. ಶಟಲ್ ಸಿಗಲೇ ಇಲ್ಲ ಅಂದರೆ ಐಸ್‌ಫೀಲ್ಡ್ಸ್ ಪಾರ್ಕ್‌ವೇ ಹೆದ್ದಾರಿ ಹಿಡಿದು ಬೋ ಲೇಕ್‌ಗೆ ಹೋಗಿ, ಲೂಯಿಸ್‌ನಿಂದ ಸುಮಾರು 40 ಕಿ.ಮೀ., ಕೆರೆ ರಸ್ತೆ ಪಕ್ಕದಲ್ಲೇ ಇದೆ. ನನ್ನನ್ನು ಕೇಳಿದರೆ ಶಟಲ್ ಸಿಕ್ಕರೂ ಅಲ್ಲಿಗೊಂದು ಸಂಜೆ ಇಡಿ. ಮೈಸೂರಿನ ಸ್ವೆಟರ್ ಸಾಲದು, ಗಾಳಿ ತಡೆಯುವ ಜಾಕೆಟ್ ಇಬ್ಬರಿಗೂ ಕೊಡಿಸಿ.