ನೈನ್ ಎಲ್ಮ್ಸ್ ಎಲ್ಲಿ ಹೋಯಿತು?

ಕೊಪ್ಪಳದ ಓದುಗರೊಬ್ಬರು ಬರೆದಿದ್ದಾರೆ: ‘ಮಗಳ ಮನೆಗೆಂದು ಲಂಡನ್ನಿಗೆ ಹೋದಾಗ ಥೇಮ್ಸ್ ದಂಡೆಯ ಬಸವಣ್ಣನವರ ಪ್ರತಿಮೆ ನೋಡಿಕೊಂಡು ಹಾಗೇ ಮುಂದೆ ನಡೆದೆವು. ನೈನ್ ಎಲ್ಮ್ಸ್ ಎಂಬಲ್ಲಿ ಹಿಂದೆ ರೈಲು ನಿಲ್ದಾಣ, ಎಂಜಿನ್ ಕಾರ್ಖಾನೆ ಎರಡೂ ಇದ್ದವೆಂದು ಅಳಿಯ ಹೇಳಿದರು. ಒಂದು ಗೋಡೆಯೂ ಕಾಣಲಿಲ್ಲ. ನಮ್ಮ ತಂದೆ ಹುಬ್ಬಳ್ಳಿ ವರ್ಕ್‌ಶಾಪಿನಲ್ಲಿ ಫಿಟ್ಟರ್ ಆಗಿದ್ದವರು. ಅಷ್ಟು ದೊಡ್ಡ ಕಾರ್ಖಾನೆ ಹೇಳಹೆಸರಿಲ್ಲದಂತೆ ಹೋಗುವುದುಂಟೆ?’

ಗೌರವಾನ್ವಿತರೆ,

ಉಂಟು. ಆದರೆ ನಿಲ್ದಾಣ ಹೋದ ಕಾರಣ ಬೇರೆ, ಕಾರ್ಖಾನೆ ಹೋದ ಕಾರಣ ಬೇರೆ.

ರಾಯಚೂರಿನಲ್ಲಿ ಮುಂಬಯಿ, ಮದ್ರಾಸುಗಳ ಹಳಿ ಕೂಡಿದ್ದು 1871ರಲ್ಲಿ. ನೈನ್ ಎಲ್ಮ್ಸ್ ನಿಲ್ದಾಣ ಶುರುವಾದದ್ದು ಅದಕ್ಕೂ 33 ವರ್ಷ ಮೊದಲು, 1838ರ ಮೇ 21ರಂದು. ಲಂಡನ್ ಅಂಡ್ ಸೌತಾಂಪ್ಟನ್ ರೈಲ್ವೆ ಕಂಪನಿಯ ಲಂಡನ್ ತುದಿ ಅದು. ಕಟ್ಟಡದ ವಿನ್ಯಾಸ ವಿಲಿಯಂ ಟೈಟ್ ಅವರದು. ಹತ್ತು ದಿನವೂ ಕಳೆದಿರಲಿಲ್ಲ, ಡರ್ಬಿ ಕುದುರೆ ಪಂದ್ಯ ಬಂತು. ಕಂಪನಿ ವಿಶೇಷ ರೈಲುಗಳ ಜಾಹೀರಾತು ಕೊಟ್ಟಿತ್ತು. ಬೆಳಿಗ್ಗೆಯೇ ಗವಿಮಠದ ಜಾತ್ರೆಯಂತೆ ಸಾವಿರಾರು ಜನ ಸೇರಿ ಬಾಗಿಲು ಮುರಿದು ಒಳನುಗ್ಗಿದರು. ಪೊಲೀಸರನ್ನು ಕರೆಸಬೇಕಾಯಿತು. ಜನ ರೈಲು ಹತ್ತುತ್ತಾರೋ ಇಲ್ಲವೋ ಎಂಬ ಅನುಮಾನವಿದ್ದವರಿಗೆಲ್ಲ ಅಂದೇ ಉತ್ತರ ಸಿಕ್ಕಿತು.

ನಿಲ್ದಾಣದ ಕೊರತೆ ಒಂದೇ: ಅದು ಊರ ಹೊರಗಿತ್ತು. ಸೌತಾಂಪ್ಟನ್ನಿನಿಂದ ಬಂದವರು ಇಲ್ಲಿ ಇಳಿದು ದೋಣಿಯನ್ನೋ ಕುದುರೆಗಾಡಿಯನ್ನೋ ಹಿಡಿದು ಪೇಟೆ ಸೇರಬೇಕಿತ್ತು. ಕೊನೆಗೆ ಕಂಪನಿ ನೂರಾರು ಮನೆಗಳನ್ನು ಕೆಡವಿಸಿ, ಕಮಾನುಗಳ ಮೇಲೆ ಸುಮಾರು 3 ಕಿಲೋಮೀಟರ್ ಹಳಿ ಹಾಕಿ, 1848ರ ಜುಲೈ 11ರಂದು ವಾಟರ್‌ಲೂ ನಿಲ್ದಾಣ ತೆರೆಯಿತು. ನೈನ್ ಎಲ್ಮ್ಸ್ ಪ್ರಯಾಣಿಕರ ನಿಲ್ದಾಣವಾಗಿದ್ದದ್ದು ಹತ್ತೇ ವರ್ಷ. ಆಮೇಲೆ ಅದು ಸರಕಿನ ನಿಲ್ದಾಣವಾಯಿತು. 1864ರಲ್ಲಿ ಇಟಲಿಯನ್ನು ಒಂದುಗೂಡಿಸಲು ಹೋರಾಡಿದ ಗ್ಯಾರಿಬಾಲ್ಡಿ ಲಂಡನ್ನಿಗೆ ಬಂದಿಳಿದದ್ದು ಮಾತ್ರ ಇಲ್ಲಿಯೇ.

ಕಾರ್ಖಾನೆಗೆ ಈ ತೊಂದರೆ ಇರಲಿಲ್ಲ. ಕಬ್ಬಿಣ, ಕಲ್ಲಿದ್ದಲು ಬಂದರೆ ಸಾಕು, ಪೇಟೆ ಹತ್ತಿರವಿರಬೇಕೆಂದಿಲ್ಲ. ಜಾನ್ ವೈರೆಟ್ ಗೂಚ್ ಅವರ ಮೇಲ್ವಿಚಾರಣೆಯಲ್ಲಿ 1843ರಲ್ಲಿ ಇಲ್ಲಿಂದ ಮೊದಲ ಎಂಜಿನ್ ಹೊರಬಂತು. ಅವರ ನಂತರ ಬಂದ ಜೋಸೆಫ್ ಬೀಟಿ ಅವರ ಕೆಲಸ ನನಗೆ ಇಡೀ ಕಥೆಯಲ್ಲಿ ಹೆಚ್ಚು ಇಷ್ಟ. ಹೊಗೆ ಕಾರಬಾರದೆಂದು ಆ ಕಾಲದ ಎಂಜಿನ್‌ಗಳಿಗೆ ದುಬಾರಿ ಕೋಕ್ (ಮೊದಲೇ ಕಾಯಿಸಿ ಹೊಗೆಯಂಶ ತೆಗೆದ ಕಲ್ಲಿದ್ದಲು) ಹಾಕುತ್ತಿದ್ದರು. ಬೀಟಿ ಬೆಂಕಿಗೂಡಿನ ರಚನೆಯನ್ನೇ ಬದಲಿಸಿ, ಹೊಗೆ ಒಳಗೇ ಉರಿದುಹೋಗುವಂತೆ ಮಾಡಿ, ಅಗ್ಗದ ಕಲ್ಲಿದ್ದಲಿನಲ್ಲೇ ಎಂಜಿನ್ ಓಡಿಸಿದರು. ಬಾಯ್ಲರಿಗೆ ಹೋಗುವ ನೀರನ್ನು ಮೊದಲೇ ಬಿಸಿ ಮಾಡುವ ಏರ್ಪಾಡನ್ನೂ ತಂದರು. ಬೆಂಕಿಯ ಮುಂದೆ ನಿಂತು ಕೆಲಸ ಮಾಡಿದವರ ಮನೆಯಲ್ಲಿ ಇದರ ಬೆಲೆಯನ್ನು ನಾನು ವಿವರಿಸಬೇಕಿಲ್ಲ.

ಅಲ್ಲಿ 800ಕ್ಕೂ ಹೆಚ್ಚು ಎಂಜಿನ್ ತಯಾರಾದವು. ಆದರೆ ಸುತ್ತ ಲಂಡನ್ ಬೆಳೆದು ಜಾಗ ಸಾಲದಾಯಿತು. ಬೋಗಿ ಕಟ್ಟುವ ಕೆಲಸ 1891ರಲ್ಲಿ ಸೌತಾಂಪ್ಟನ್ ಹತ್ತಿರದ ಈಸ್ಟ್‌ಲೀಗೆ ಹೋಯಿತು. 1909ರ ಹೊತ್ತಿಗೆ ಎಂಜಿನ್ ಕೆಲಸವೂ ಅಲ್ಲಿಗೇ ಹೋಯಿತು. ಉಳಿದ ಉಗಿ ಎಂಜಿನ್ ಶೆಡ್ 1967ರ ಜುಲೈನಲ್ಲಿ ಮುಚ್ಚಿತು. 1974ರಲ್ಲಿ ಆ ನೆಲಕ್ಕೆ ಹಣ್ಣು, ತರಕಾರಿ, ಹೂವಿನ ಸಗಟು ಮಾರುಕಟ್ಟೆ ಬಂತು, ನ್ಯೂ ಕೋವೆಂಟ್ ಗಾರ್ಡನ್. ತಾವು ನಡೆದದ್ದು ಅದರ ಪಕ್ಕದಲ್ಲೇ ಇರಬೇಕು.

ವಾಟರ್‌ಲೂಗೆ ಹಳಿ ಒಯ್ದದ್ದು ಸರಿ, ಈಸ್ಟ್‌ಲೀಗೆ ಕಾರ್ಖಾನೆ ಒಯ್ದದ್ದೂ ಸರಿ. ಟೈಟ್ ಅವರ ಕಟ್ಟಡವನ್ನು 1960ರ ದಶಕದಲ್ಲಿ ಕೆಡವಿದ್ದನ್ನು ಮಾತ್ರ ನಾನು ಒಪ್ಪಲಾರೆ. ಯುದ್ಧದ ಬಾಂಬುಗಳಿಂದ ಅದು ಜಖಂ ಆಗಿತ್ತು, ನಿಜ. ದುರಸ್ತಿ ಮಾಡಿ ಉಳಿಸಿಕೊಳ್ಳಬೇಕಿತ್ತು. ಎಂಜಿನ್‌ಗಳ ಅದೃಷ್ಟ ಅಷ್ಟು ಕೆಟ್ಟದ್ದಲ್ಲ. 1897ರಲ್ಲಿ ಅಲ್ಲಿ ತಯಾರಾದ 245ನೇ ನಂಬರಿನ ಎಂಜಿನ್ ಬ್ರಿಟನ್ನಿನ ರಾಷ್ಟ್ರೀಯ ಸಂಗ್ರಹದಲ್ಲಿದೆ. ಮುಂದಿನ ಸಲ ಹೋದಾಗ ಅಳಿಯಂದಿರಿಗೆ ಹೇಳಿ, ಅದು ಯಾವ ವಸ್ತುಸಂಗ್ರಹಾಲಯದಲ್ಲಿದೆ ಎಂದು ವಿಚಾರಿಸಿ ತೋರಿಸಲಿ.

ಇನ್ನು ತಮ್ಮ ತಂದೆಯವರ ವಿಷಯ. ಸದರ್ನ್ ಮರಾಠಾ ರೈಲ್ವೆ 1880ರ ದಶಕದಲ್ಲಿ ಕಟ್ಟಿದ ಹುಬ್ಬಳ್ಳಿ ವರ್ಕ್‌ಶಾಪ್ ಇಂದಿಗೂ ನಡೆಯುತ್ತಿದೆ. ಆದರೆ ಗುಂತಕಲ್ಲಿನಿಂದ ಬಳ್ಳಾರಿ, ಹೊಸಪೇಟೆ, ಕೊಪ್ಪಳದ ಮೇಲೆ ಹುಬ್ಬಳ್ಳಿಗೆ ಹೋಗುತ್ತಿದ್ದ ಮೀಟರ್ ಗೇಜ್ (ಒಂದು ಮೀಟರ್ ಅಗಲದ) ಹಳಿ 1990ರ ದಶಕದಲ್ಲಿ ಹೋಗಿ ಬ್ರಾಡ್ ಗೇಜ್ ಬಂತು. ಆ ಹಳೆಯ ಹಳಿಯ ಎಂಜಿನ್‌ಗಳನ್ನು ಬಿಚ್ಚಿ ಜೋಡಿಸಿದ ಕೈಗಳ ಮಾತು ಬರಹದಲ್ಲಿ ಬಂದದ್ದು ತೀರಾ ಕಡಿಮೆ. ತಂದೆಯವರು ಯಾವ ಶಾಪಿನಲ್ಲಿದ್ದರು, ದಿನಕ್ಕೆ ಏನೇನು ಕೆಲಸ, ಹತಾರಗಳನ್ನು ಏನೆಂದು ಕರೆಯುತ್ತಿದ್ದರು, ನೆನಪಿದ್ದಷ್ಟನ್ನು ಬರೆದು ಕಳಿಸಿ. ಹಳೆಯ ಪಾಸು, ಫೋಟೊ ಇದ್ದರೆ ನಕಲು ಸಾಕು, ಮೂಲ ತಮ್ಮಲ್ಲೇ ಇರಲಿ. ಪುಟ ನಾವು ಕೊಡುತ್ತೇವೆ.

— ಸಂಪಾದಕ