ಅಂಗಳದ ಮಾತು: ಪ್ಯಾಕೆಟ್ಟಿನ ಕಾಡುಹೂವು ಯಾವ ಊರಿನವು?

(ಓದುಗರ ಪ್ರಶ್ನೆಗಳಿಗೆ ಉತ್ತರಿಸುವವರು ಬಾಗಲಕೋಟೆಯ ನಿವೃತ್ತ ಸಸ್ಯಶಾಸ್ತ್ರ ಉಪನ್ಯಾಸಕಿ)

ಪ್ರಶ್ನೆ: ವಿಜಯಪುರದ ಜಲನಗರದಲ್ಲಿ ಹೊಸ ಮನೆ ಕಟ್ಟಿಸಿದ್ದೇವೆ. ಮುಂದುಗಡೆ 12 ಅಡಿ ಉದ್ದ, 10 ಅಡಿ ಅಗಲದ ಜಾಗ ಖಾಲಿ ಉಳಿದಿದೆ. ಮಣ್ಣು ಎರಿ, ಅಂದರೆ ಕಪ್ಪು ಮಣ್ಣು. ಹೋದ ವರ್ಷ ಆನ್‌ಲೈನಿನಲ್ಲಿ ಕಾಡುಹೂವಿನ ಬೀಜದ ಪ್ಯಾಕೆಟ್ ತರಿಸಿ, ಜೂನ್ ತಿಂಗಳ ಮೊದಲ ಮಳೆಗೇ ಚೆಲ್ಲಿದೆ. ನಾಲ್ಕಾರು ಕಾಸ್ಮಾಸ್ ಬಿಟ್ಟರೆ ಬರೀ ಕಸ ಬಂತು. ಪ್ಯಾಕೆಟ್ಟಿನ ಫೋಟೋ ಕಳಿಸಿದ್ದೇನೆ. ಈ ಸಲ ನಮ್ಮ ಕಡೆಯದೇ ಹೂವು ಬೇಕು. ಚಿಟ್ಟೆ, ಜೇನು ಬರಬೇಕು. ಯಾವ ಬೀಜ ಹಾಕಲಿ, ಎಲ್ಲಿ ಸಿಗುತ್ತದೆ? ನಮ್ಮ ಅತ್ತೆಯವರಂತೂ "ಕಸಕ್ಕೂ ರೊಕ್ಕಾ ಕೊಡ್ತಾರೇನವ್ವ" ಅಂತ ನಗುತ್ತಾರೆ.
– ಗೃಹಿಣಿ, ವಿಜಯಪುರ

ಉತ್ತರ: ತಂಗಿ, ಮೊದಲು ನಿಮ್ಮ ಅತ್ತೆಯವರಿಗೆ ನನ್ನ ನಮಸ್ಕಾರ ಹೇಳಿ. ಅವರು ಕೇಳಿದ್ದು ಸರಿಯಾಗಿಯೇ ಇದೆ.

ನಿಮ್ಮ ಪ್ಯಾಕೆಟ್ಟಿನ ಹಿಂಬದಿ ಓದಿದೆ. ಕಾಸ್ಮಾಸ್, ಜಿನ್ನಿಯಾ ಮೆಕ್ಸಿಕೋ ಕಡೆಯವು. ಗೈಲಾರ್ಡಿಯಾ, ಕೋರಿಯಾಪ್ಸಿಸ್ ಅಮೆರಿಕದವು. ಕ್ಯಾಲಿಫೋರ್ನಿಯಾ ಪಾಪಿ ತನ್ನ ಊರನ್ನು ಹೆಸರಿನಲ್ಲೇ ಇಟ್ಟುಕೊಂಡಿದೆ. ಕಾರ್ನ್‌ಫ್ಲವರ್ ಯುರೋಪಿನ ಗೋಧಿ ಹೊಲದಲ್ಲಿ ಏಳುವ ಕಸ. ಅತ್ತೆಯವರಿಗೆ ಇದನ್ನು ಹೇಳಿದರೆ ಇನ್ನೂ ಜಾಸ್ತಿ ನಗುತ್ತಾರೆ, ನೋಡಿ. ಪಾಪಿ, ಕಾರ್ನ್‌ಫ್ಲವರ್ ಎರಡೂ ತಂಪು ಹವೆಯ ಗಿಡ. ನಮ್ಮಲ್ಲಿ ಅವನ್ನು ಅಕ್ಟೋಬರ್-ನವೆಂಬರ್‌ನಲ್ಲಿ ಬಿತ್ತಬೇಕು. ಜೂನ್ ತಿಂಗಳ ಎರಿ ರಾಡಿಯಲ್ಲಿ ಅವು ಏಳಲಿಲ್ಲ ಎಂದರೆ ತಪ್ಪು ನಿಮ್ಮ ಕೈಯದಲ್ಲ.

ಕಾಸ್ಮಾಸ್ ಬಗ್ಗೆ ಒಂದು ಮಾತು. ಹಳದಿ-ಕಿತ್ತಳೆ ಬಣ್ಣದ್ದು ಬಂದಿದ್ದರೆ ಬೀಜ ಕಟ್ಟುವ ಮುಂಚೆ ಕಿತ್ತುಬಿಡಿ. ಸಹ್ಯಾದ್ರಿ ಕಡೆ ಅದು ತೋಟ ಬಿಟ್ಟು ರಸ್ತೆ ಬದಿಗೆ ಹಬ್ಬಿಕೊಂಡಿದೆ. ಕಾಂಗ್ರೆಸ್ ಕಸ 1950ರ ದಶಕದಲ್ಲಿ ಪುಣೆಯಲ್ಲಿ ಮೊದಲು ಕಣ್ಣಿಗೆ ಬಿದ್ದಾಗ ಯಾರೂ ತಲೆ ಕೆಡಿಸಿಕೊಳ್ಳಲಿಲ್ಲ. ಈಗ ಅದಿಲ್ಲದ ಬದು ಒಂದನ್ನು ತೋರಿಸಿ.

ಇನ್ನು ನಿಮಗೆ ಬೇಕಾದ ಬೀಜದ ಮಾತು. ನಮ್ಮ ಎರಿ ಮಣ್ಣಿಗೆ, ನಮ್ಮ ಮಳೆಗೆ ಅಂತ ಮಾಡಿದ ಪ್ಯಾಕೆಟ್ಟನ್ನು ಹುಡುಕುತ್ತಾ ಕೂರಬೇಡಿ. ನೀವೇ ಕಲಸಿ. ಅರ್ಧ ಬೀಜ ಅಂಗಡಿಯಲ್ಲಿ ಸಿಗುತ್ತದೆ, ಇನ್ನರ್ಧ ನಿಮ್ಮ ಓಣಿಯ ಖಾಲಿ ಸೈಟಿನಲ್ಲಿ ನಿಂತಿದೆ.

ಮೊದಲನೆಯದು ತುಂಬೆ. ಇದನ್ನು ಬಿಟ್ಟು ನಾನು ಯಾರಿಗೂ ಬೀಜ ಹೇಳುವುದಿಲ್ಲ. ಒಂದೂವರೆ ಅಡಿಯ ಗಿಡ, ಕಾಂಡದ ಸುತ್ತ ಗಂಟು ಗಂಟಾಗಿ ಬಿಳಿ ಹೂವು. ಒಂದು ಹೂವನ್ನು ಕಿತ್ತು ಹತ್ತಿರದಿಂದ ನೋಡಿ. ಕೆಳಗಿನ ತುಟಿ ಅಗಲವಾಗಿ ಚಾಚಿರುತ್ತದೆ, ಅದು ಜೇನು ಬಂದು ಕೂರುವ ಜಾಗ. ಮೇಲಿನ ತುಟಿ ಚಿಕ್ಕದು, ಮೇಲೆಲ್ಲ ನವಿರಾದ ಕೂದಲು, ಒಳಗೆ ಕೇಸರಗಳನ್ನು ಮುಚ್ಚಿಕೊಂಡಿರುತ್ತದೆ. ಜೇನು ತಲೆ ತೂರಿಸಿದ ಕೂಡಲೇ ಪರಾಗ ಅದರ ನೆತ್ತಿಗೆ, ಬೆನ್ನಿಗೆ ಹತ್ತುತ್ತದೆ. ಹೂವಿನ ಬುಡ ಚೀಪಿದರೆ ಸಿಹಿ. ಈ ಕಡೆ ಬೆಳೆದ ಮಕ್ಕಳಿಗೆ ಇದನ್ನು ಯಾರೂ ಹೇಳಿಕೊಡಬೇಕಿಲ್ಲ, ಅಲ್ವಾ? ಸಣ್ಣ ಚಿಟ್ಟೆಗಳಂತೂ ಬೆಳಗಿನಿಂದ ಮಧ್ಯಾಹ್ನದ ತನಕ ಬಿಡುವುದಿಲ್ಲ. ಶ್ರಾವಣ ಸೋಮವಾರ ಅತ್ತೆಯವರು ಸಿದ್ಧೇಶ್ವರ ಗುಡಿಗೆ ಹೊರಟಾಗ ಒಂದು ಬೊಗಸೆ ತುಂಬೆ ಹೂವು ಕೈಗೆ ಕೊಡಿ. ಕಸದ ಮಾತು ಅಲ್ಲಿಗೆ ಮುಗಿಯುತ್ತದೆ.

ಎರಡನೆಯದು ತಂಗಡಿ. ಆವರಿಕೆ ಅಂತಲೂ ಕರೆಯುತ್ತಾರೆ. ಬಾದಾಮಿ ಕಡೆ ಹೋಗುವಾಗ ಬಸ್ಸಿನ ಕಿಟಕಿಯಿಂದ ಕಾಣುವ ಹಳದಿ ಹೂವಿನ ಪೊದೆ ಅದೇ. ಇದು ಆಳೆತ್ತರ ಬೆಳೆಯುವ ಗಿಡ, ಬಹಳ ವರ್ಷ ಬದುಕುತ್ತದೆ. ನಿಮ್ಮ ಜಾಗಕ್ಕೆ ಕಾಂಪೌಂಡ್ ಮೂಲೆಯಲ್ಲಿ ಎರಡು ಸಾಕು. ಇದರ ಹೂವಿನಲ್ಲಿ ಮಕರಂದ ಇಲ್ಲ, ಪರಾಗ ಮಾತ್ರ. ಅದೂ ಸುಮ್ನೆ ಉದುರುವುದಿಲ್ಲ. ಕೇಸರದ ತುದಿಯಲ್ಲಿರುವ ಸಣ್ಣ ತೂತಿನಿಂದ ಹೊರಬರಬೇಕು. ದಪ್ಪನೆಯ ಕರಿ ದುಂಬಿ ಬಂದು ಹೂವನ್ನು ತಬ್ಬಿಕೊಂಡು, ರೆಕ್ಕೆ ಆಡಿಸದೆ ಮೈ ಮಾತ್ರ ನಡುಗಿಸುತ್ತದೆ. ಆಗ ಹಾರುವಾಗಿನ ಸದ್ದು ಹೋಗಿ ಬೇರೆಯೇ ಒಂದು ಗುಂಯ್ ಕೇಳುತ್ತದೆ. ಪರಾಗ ಹಿಟ್ಟಿನ ಹಾಗೆ ಸಿಡಿಯುತ್ತದೆ. ಬೆಳಿಗ್ಗೆ ಚಹಾ ಲೋಟ ಹಿಡಿದು ಗಿಡದ ಹತ್ತಿರ ನಿಂತರೆ ನಿಮಗೂ ಕೇಳುತ್ತದೆ. ತಿಳಿ ಹಸಿರು ಛಾಯೆಯ ಬಿಳಿ ಚಿಟ್ಟೆಗಳು ಇದರ ಎಲೆಯ ಮೇಲೆ ಮೊಟ್ಟೆ ಇಡುತ್ತವೆ. ಹಸಿರು ಹುಳು ಎಲೆ ತಿಂದರೆ ಔಷಧ ಹೊಡೆಯಬೇಡಿ. ಹುಳು ಬೇಡ, ಚಿಟ್ಟೆ ಬೇಕು ಅಂದರೆ ಹೇಗೆ?

ಉಳಿದವು ಬೇಗ ಹೇಳಿ ಮುಗಿಸುತ್ತೇನೆ. ಎಳ್ಳು ಹುಟ್ಟಾ ನಮ್ಮ ದೇಶದ್ದು, ಅದರ ಗಂಟೆಯಂಥ ಹೂವಿಗೆ ನೀಲಿ ಪಟ್ಟೆಯ ಒಂಟಿ ಜೇನು ಬರುತ್ತದೆ. ಕಾಮಕಸ್ತೂರಿ ಹಾಕಿದರೆ ತುಡುವೆ ಜೇನು, ಕೋಲುಜೇನು ಎರಡೂ ಹಾಜರು. ಸೆಣಬು ಹಳದಿ ಹೂ ಬಿಟ್ಟು, ಒಣಗಿದ ಕಾಯಿ ಗಿಲಿಗಿಲಿ ಅನ್ನುತ್ತದೆ. ಆದರೆ ಐದಾರು ಅಡಿ ಏಳುವುದರಿಂದ ಅದನ್ನು ಗೋಡೆಯ ಪಕ್ಕದಲ್ಲಿ ಮಾತ್ರ ಚುಚ್ಚಿ. ಮುಳ್ಳು ಗೋರಂಟಿ ಒಂದೆರಡು ಇರಲಿ, ಪ್ಯಾನ್ಸಿ ಜಾತಿಯ ಚಿಟ್ಟೆಗಳ ಹುಳು ಅದರ ಎಲೆ ತಿಂದು ಬೆಳೆಯುತ್ತವೆ. ಎಕ್ಕ ತಾನಾಗಿ ಎದ್ದರೆ ಕೀಳಬೇಡಿ. ಶನಿವಾರ ಹನುಮಪ್ಪನಿಗೆ ಹಾರವೂ ಆಯಿತು, ಕಿತ್ತಳೆ ಬಣ್ಣದ ಚಿಟ್ಟೆಗೆ ಮನೆಯೂ ಆಯಿತು. ಹಾಲು ಕಣ್ಣಿಗೆ ತಾಗದಂತೆ ನೋಡಿಕೊಳ್ಳಿ, ಅಷ್ಟೆ.

ಗುರೆಳ್ಳು? ಹೌದು, ಅದು ಇಥಿಯೋಪಿಯಾ ಮೂಲದ್ದು, ಸ್ಥಳೀಯ ಅಲ್ಲ. ಆದರೂ ನಾನು ಬಿಡುವುದಿಲ್ಲ. ಎಷ್ಟೋ ತಲೆಮಾರಿನಿಂದ ನಮ್ಮ ಹೊಲದಲ್ಲಿದೆ, ಎಲ್ಲೂ ಕಸವಾಗಿ ಹಬ್ಬಿಲ್ಲ, ಅದರ ಹೂವಿಗೆ ಜೇನು ಮುಗಿಬೀಳುತ್ತದೆ. ಗುರೆಳ್ಳು ಹಿಂಡಿ ಇಲ್ಲದೆ ರೊಟ್ಟಿ ತಿನ್ನುವವರು ಬೇಕಾದರೆ ತಕರಾರು ಮಾಡಲಿ.

ಎಲ್ಲಿ ಸಿಗುತ್ತದೆ? ಕರಿ ಎಳ್ಳು, ಗುರೆಳ್ಳು ಕಿರಾಣಿ ಅಂಗಡಿಯಲ್ಲೇ ಇವೆ. ಹುರಿದಿರಬಾರದು, ಸಿಪ್ಪೆ ತೆಗೆದ ಬಿಳಿ ಎಳ್ಳು ಬೇಡ. ಕಾಮಕಸ್ತೂರಿ ಬೀಜ ಗ್ರಂಥಿಗೆ ಅಂಗಡಿಯಲ್ಲಿ ಸಿಗುತ್ತದೆ, ಸಬ್ಜಾ ಎಂದು ಕೇಳಿ. ಸೆಣಬನ್ನು ಹಸಿರೆಲೆ ಗೊಬ್ಬರಕ್ಕೆ ಬಿತ್ತುತ್ತಾರೆ. ಬೀಜದ ಅಂಗಡಿಯಲ್ಲಿ, ಹಂಗಾಮಿನಲ್ಲಿ ರೈತ ಸಂಪರ್ಕ ಕೇಂದ್ರದಲ್ಲಿ ವಿಚಾರಿಸಿ. ಅಂಗಡಿಯ ಬೀಜ ಹಳೆಯದೋ ಹೊಸದೋ ಅನ್ನುವ ಅನುಮಾನವಿದ್ದರೆ ಒದ್ದೆ ಬಟ್ಟೆಯಲ್ಲಿ 20 ಕಾಳು ಸುತ್ತಿಡಿ. ಒಂದು ವಾರದೊಳಗೆ 12ಕ್ಕಿಂತ ಜಾಸ್ತಿ ಮೊಳೆತರೆ ಬಿತ್ತಬಹುದು. ತುಂಬೆ, ತಂಗಡಿ, ಮುಳ್ಳು ಗೋರಂಟಿ ಮಾತ್ರ ನೀವೇ ಆರಿಸಬೇಕು. ದೀಪಾವಳಿ ಕಳೆದ ಮೇಲೆ ಖಾಲಿ ಸೈಟು, ರಸ್ತೆ ಬದಿಗೆ ಕಾಗದದ ಚೀಲ ಹಿಡಿದು ಹೋಗಿ. ತುಂಬೆಯ ಒಣಗಿದ ಗಂಟುಗಳನ್ನು ತಲೆಕೆಳಗು ಮಾಡಿ ಕೊಡವಿದರೆ ಸಣ್ಣ ಕಂದು ಬೀಜ ಉದುರುತ್ತವೆ. ತಂಗಡಿಯ ಚಪ್ಪಟೆ ಕಾಯಿ ಒಣಗಿ ಕಂದಾಗಿರಬೇಕು. ಪೂರ್ತಿ ಬಳಿದುಕೊಂಡು ಬರಬೇಡಿ, ಅಲ್ಲೂ ಸ್ವಲ್ಪ ಉಳಿಯಲಿ.

ಈಗ ಬಿತ್ತನೆ. ನಿಮ್ಮ ಹೋದ ವರ್ಷದ ತೊಂದರೆಯಲ್ಲಿ ಅರ್ಧ ಇಲ್ಲೇ ಇತ್ತು. ಮೊದಲ ಮಳೆಗೆ ಚೆಲ್ಲಿದಿರಿ, ಮಣ್ಣಿನಲ್ಲಿ ಮೊದಲೇ ಇದ್ದ ಕಸದ ಬೀಜ ನಿಮ್ಮ ಬೀಜಕ್ಕಿಂತ ಮುಂಚೆ ಎದ್ದಿತು. ನಿಮ್ಮ ಜಿಲ್ಲೆಯ ರೈತರು ಹಿಂಗಾರಿ ಜೋಳಕ್ಕೆ ಏನು ಮಾಡುತ್ತಾರೆ? ಮುಂಗಾರಿನಲ್ಲಿ ಕಸ ಎದ್ದಂತೆಲ್ಲ ಕುಂಟಿ ಹೊಡೆದು ಹರಗುತ್ತಾರೆ, ಆಮೇಲೆ ಬಿತ್ತುತ್ತಾರೆ. ನೀವೂ ಹಾಗೇ ಮಾಡಿ. ರೋಹಿಣಿ, ಮೃಗಶಿರ ಮಳೆಗೆ ಕಸ ಏಳಲಿ ಬಿಡಿ. ಬೆರಳುದ್ದ ಆದಾಗ ಬಿಸಿಲು ನೋಡಿ ಕುರಪಿಯಿಂದ ಮೇಲಕ್ಕೆ ಕೆರೆದು ಒಣಗಿಸಿ. ಆಳವಾಗಿ ಅಗೆದರೆ ಕೆಳಗಿನ ಬೀಜ ಮೇಲೆ ಬಂದು ಮತ್ತೆ ಅದೇ ಕಥೆ. ಗೊಬ್ಬರ ಹಾಕಲೇಬೇಡಿ. ಗೊಬ್ಬರ ಉಂಡು ಕೊಬ್ಬುವುದು ಕಸವೇ.

ಬೇಸಿಗೆಯಲ್ಲೇ ಚೆಲ್ಲಿ ಮಳೆಗೆ ಕಾಯುವ ಯೋಚನೆ ಕೂಡ ಬೇಡ. ಎರಿ ಬಿರುಕು ಬಿಟ್ಟಿರುತ್ತದೆ, ತುಂಬೆಯಂಥ ಸಣ್ಣ ಬೀಜ ಒಳಗೆ ಬಿದ್ದರೆ ಮತ್ತೆ ಮೇಲೆ ಬರುವುದಿಲ್ಲ.

ನಿಮ್ಮ ಜಾಗಕ್ಕೆ ಎಲ್ಲ ಸೇರಿ 50 ಗ್ರಾಂ ಬೀಜ ಧಾರಾಳ. ಅದರಲ್ಲಿ ಅರ್ಧ ಮಾತ್ರ ಆರಿದ್ರ ಮಳೆಯ ಹದಕ್ಕೆ ಹಾಕಿ. ಉಳಿದರ್ಧ ಡಬ್ಬಿಯಲ್ಲಿರಲಿ. ವಿಜಯಪುರದಲ್ಲಿ ಜುಲೈ ಕೈಕೊಡುವುದು ಹೊಸದೇನಲ್ಲ, ಜೋರು ಮಳೆ ಬರುವುದು ಸೆಪ್ಟೆಂಬರ್‌ನಲ್ಲಿ. ಹುಬ್ಬಿ ಮಳೆಗೆ ಎರಡನೇ ಸಲ ಚೆಲ್ಲಿ. ತಂಗಡಿ ಬೀಜದ ಸಿಪ್ಪೆ ಗಟ್ಟಿ. ಬಿಸಿನೀರು ಸುರಿದು ರಾತ್ರಿಯಿಡೀ ಬಿಟ್ಟು, ಉಬ್ಬಿದವನ್ನು ಆರಿಸಿ ಅರ್ಧ ಇಂಚು ಆಳಕ್ಕೆ ಊರಿ. ತುಂಬೆ, ಕಾಮಕಸ್ತೂರಿ ಬೀಜವನ್ನು ಹತ್ತು ಪಾಲು ಮರಳಿನೊಂದಿಗೆ ಬೆರೆಸಿ, ಚೆಲ್ಲಿ, ಒಂದು ಹಲಗೆ ಇಟ್ಟು ಅದರ ಮೇಲೆ ನಿಂತು ಒತ್ತಿ. ಮಣ್ಣು ಮುಚ್ಚಬೇಡಿ, ಬೆಳಕು ಬೇಕು. ಇರುವೆ ಎಳ್ಳನ್ನು ಹೊತ್ತೊಯ್ಯುವುದು ಕಂಡರೆ ಸುತ್ತ ಬೂದಿ ಉದುರಿಸಿ.

ಹಾವು ಬರುತ್ತದೆ ಅಂತ ನೆರೆಯವರು ಹೇಳಿಯೇ ಹೇಳುತ್ತಾರೆ. ಗೇಟಿನಿಂದ ಬಾಗಿಲವರೆಗೆ ಎರಡಡಿ ದಾರಿ ಬರಿದಾಗಿರಲಿ. ಅಂಚಿಗೆ ಒಂದು ಸಾಲು ಇಟ್ಟಿಗೆ ಇಡಿ. ದಾರಿ ಪಕ್ಕ ಗಿಡ್ಡ ಗಿಡ, ಗೋಡೆ ಪಕ್ಕ ಎತ್ತರದವು. ಅಂಚು ಕಟ್ಟಿದ ಜಾಗವನ್ನು ನೋಡಿದವರು ತೋಟ ಅನ್ನುತ್ತಾರೆ. ಅಂಚಿಲ್ಲದಿದ್ದರೆ ಅದೇ ಗಿಡಗಳನ್ನು ನೋಡಿ ಪಾಳು ಅನ್ನುತ್ತಾರೆ.

ಪ್ರಶ್ನೆ: ಸೆಪ್ಟೆಂಬರ್‌ನಲ್ಲಿ ಸಾತಾರಾದ ಕಾಸ್ ಪಠಾರ (ಕಾಡುಹೂವಿಗೆ ಹೆಸರಾದ ಪ್ರಸ್ಥಭೂಮಿ) ನೋಡಿ ಬಂದೆವು. ಅಲ್ಲಿಯ ಹೂವಿನ ಬೀಜ ತಂದು ನಮ್ಮ ಟಿಳಕವಾಡಿ ಮನೆಯಲ್ಲಿ ಬೆಳೆಸಬಹುದೇ? ಬೆಳಗಾವಿಯಲ್ಲೂ ಮಳೆಗೇನು ಕಮ್ಮಿ ಇಲ್ಲ.
– ಕಾಲೇಜು ವಿದ್ಯಾರ್ಥಿ, ಬೆಳಗಾವಿ

ಉತ್ತರ: ಬೇಡ ತಮ್ಮಾ. ಅದು 2012ರಲ್ಲಿ ವಿಶ್ವ ಪರಂಪರೆ ಪಟ್ಟಿಗೆ ಸೇರಿದ ಪಶ್ಚಿಮ ಘಟ್ಟದ ಭಾಗ. ಅಲ್ಲಿಂದ ಏನನ್ನೂ ಕಿತ್ತು ತರುವ ಹಾಗಿಲ್ಲ. ತಂದರೂ ಬದುಕುವುದಿಲ್ಲ. ಅಲ್ಲಿ ಇರುವುದು ಜಂಬಿಟ್ಟಿಗೆ ಬಂಡೆಯ ಮೇಲೆ ತೆಳುವಾದ ಮಣ್ಣಿನ ಪದರ, ಮಳೆಗಾಲ ಪೂರ್ತಿ ಅದರ ಮೇಲೆ ನೀರು ಜಿನುಗುತ್ತದೆ. ನೀವು ನೋಡಿದ ನೀಲಿ ಚುಕ್ಕಿಯಂಥ ಯುಟ್ರಿಕ್ಯುಲೇರಿಯಾ ಹುಳ ತಿಂದು ಬದುಕುವ ಗಿಡ. ಸತ್ವ ಇಲ್ಲದ ಮಣ್ಣಿನಲ್ಲಿ ಬದುಕಲು ಅದು ಮಾಡಿಕೊಂಡ ದಾರಿ ಅದು. ನಿಮ್ಮ ಕುಂಡದ ಗೊಬ್ಬರ ಅದಕ್ಕೆ ವಿಷ. ಕಾರ್ವಿ ಗಿಡವಂತೂ ಹೂ ಬಿಡಲು ಏಳು ವರ್ಷ ತೆಗೆದುಕೊಳ್ಳುತ್ತದೆ. ಅಷ್ಟರಲ್ಲಿ ನಿಮ್ಮ ಓದು ಮುಗಿದು ಕೆಲಸಕ್ಕೂ ಸೇರಿರುತ್ತೀರಿ. ಖಾನಾಪುರ ಕಡೆಯ ಭೀಮಗಡ ಅಭಯಾರಣ್ಯಕ್ಕೆ ಹೋದಾಗಲೂ ಕೈ ಜೇಬಿನಲ್ಲೇ ಇರಲಿ.

ಬೆಳಗಾವಿಯ ಮಳೆಗೆ, ಕೆಂಪು ಮಣ್ಣಿಗೆ ಹೇಳಿ ಮಾಡಿಸಿದ್ದು ಕರ್ಣಕುಂಡಲ. ನಿಮ್ಮಲ್ಲಿ ಮರಾಠಿಯವರು ತೇರಡಾ ಅನ್ನುತ್ತಾರೆ. ನರ್ಸರಿಯ ಎರಡು ಸುತ್ತಿನ ಹೂವಿನದ್ದು ಬೇಡ, ಒಂದೇ ಸುತ್ತಿನದು ಕೇಳಿ. ಹೂವಿನ ಹಿಂದೆ ಬಾಗಿದ ಸಣ್ಣ ಬಾಲ ಇರುತ್ತದೆ, ಮಕರಂದ ಇರುವುದು ಅದರೊಳಗೆ. ಕಾಯಿ ಬಲಿತಾಗ ಬೆರಳು ತಾಗಿದರೆ ಸಾಕು, ಸಿಪ್ಪೆ ಸುರುಳಿ ಸುತ್ತಿ ಬೀಜ ಚಿಮ್ಮುತ್ತದೆ. ಅದಕ್ಕೇ ಬೀಜ ಹಿಡಿಯುವಾಗ ಕಾಯಿಯನ್ನು ಚೀಲದೊಳಗೇ ಇಟ್ಟು ಮುಟ್ಟಬೇಕು. ನೆರಳಿರುವ ಕಡೆ ಅಬ್ಬಲಿಗೆ ಹಾಕಿ, ಅದೂ ದಕ್ಷಿಣ ಭಾರತದ್ದೇ.

ಪ್ರಶ್ನೆ: ಬಾಗಲಕೋಟೆ ನವನಗರದಲ್ಲಿ ಮೊದಲ ಮಹಡಿ ಮನೆ. ಬಾಲ್ಕನಿಯ ಕುಂಡದಲ್ಲಿ ಅಗ್ನಿಶಿಖೆ ಬೆಳೆಸಲೇ? ಮೂರು ವರ್ಷದ ಮಗು ಇದೆ.
– ಓದುಗರು, ಬಾಗಲಕೋಟೆ

ಉತ್ತರ: ಮಗು ದೊಡ್ಡದಾಗುವ ತನಕ ಬೇಡ. ಅಗ್ನಿಶಿಖೆಯ ಗಡ್ಡೆ, ಬೀಜ ಎರಡರಲ್ಲೂ ಕಾಲ್ಚಿಸಿನ್ ಎಂಬ ವಿಷ ಇದೆ. ಸ್ವಲ್ಪ ತಿಂದರೂ ಜೀವಕ್ಕೆ ಅಪಾಯ.

ನಿಮ್ಮ ಕುಂಡಕ್ಕೆ ವಿಷ್ಣುಕ್ರಾಂತಿ ಹಾಕಿ. ನವನಗರದ ಖಾಲಿ ಸೈಟುಗಳ ಗರಸಿನಲ್ಲಿ, ಅಂದರೆ ಸಣ್ಣ ಕಲ್ಲು ಬೆರೆತ ಮಣ್ಣಿನಲ್ಲಿ ಹುಡುಕಿದರೆ ಸಿಗುತ್ತದೆ. ನೆಲಕ್ಕೆ ಅಂಟಿಕೊಂಡು ಹರಡಿರುತ್ತದೆ, ಎಲೆಯ ಮೇಲೆ ರೇಷ್ಮೆಯಂಥ ಕೂದಲು, ಹೂವು ಅಂಗಿಯ ಗುಂಡಿಗಿಂತ ಚಿಕ್ಕದು, ಒಳ್ಳೆ ನೀಲಿ. ಬೆಳಿಗ್ಗೆ ಅರಳಿ ಬಿಸಿಲೇರಿದ ಮೇಲೆ ಮುಚ್ಚಿಕೊಳ್ಳುತ್ತದೆ. ಕುಂಡಕ್ಕೆ ಅರ್ಧ ಗರಸು, ಅರ್ಧ ಮಣ್ಣು ತುಂಬಿ. ಮೇಲಿನ ಮಣ್ಣು ಒಣಗಿದ ಮೇಲೆ ನೀರು. ನರ್ಸರಿಯಲ್ಲಿ ಇದೇ ಹೆಸರಿಗೆ ದೊಡ್ಡ ನೀಲಿ ಹೂವಿನ ಗಿಡ ಕೊಟ್ಟರೆ ಅದು ಬ್ರೆಜಿಲ್ ಕಡೆಯ ದಾಯಾದಿ. ಚೆಂದ ಇದೆ, ತಂದರೆ ಬೇಡ ಅನ್ನುವುದಿಲ್ಲ. ಆದರೆ ಅದರ ಬೀಜ ಹುಡುಕುತ್ತಾ ಕೂರಬೇಡಿ, ಅದನ್ನು ಕಡ್ಡಿ ನೆಟ್ಟೇ ಬೆಳೆಸುವುದು.