ಕಾರು ನಿಲ್ಲುವ ಅಂಗಳಕ್ಕೆ 20 ಮಿ.ಮೀ. ಪೋರ್ಸಲೀನ್ ಟೈಲ್

ನಮಸ್ಕಾರ ಸರ್. ಪುಣೆಯ ವಾಕಡ್‌ನ ನಿಮ್ಮ ರೋ ಹೌಸ್ ಮುಂದಿನ 10×16 ಅಡಿ ಅಂಗಳಕ್ಕೆ 20 ಮಿ.ಮೀ. ಪೋರ್ಸಲೀನ್ ಟೈಲ್ ತಂದಿದ್ದೀರಿ, ಶಹಾಬಾದ್ ಕಲ್ಲಿನ ಹಾಗೆ ಮರಳು-ಸಿಮೆಂಟ್ ಮೇಲೆ ಹಾಸಿಬಿಡೋಣ ಅಂತ ಮೇಸ್ತ್ರಿ ಹೇಳ್ತಿದ್ದಾರೆ ಅಂದ್ರಿ. ದಯವಿಟ್ಟು ಒಪ್ಪಬೇಡಿ. ಪೋರ್ಸಲೀನ್ ಶೇ. 0.5ಕ್ಕಿಂತ ಕಡಿಮೆ ನೀರು ಹೀರುತ್ತೆ, ಅದರ ಬೆನ್ನಿಗೆ ಬರೀ ಸಿಮೆಂಟ್ ಕಚ್ಚಿಕೊಳ್ಳಲ್ಲ. ದಪ್ಪ ಇದೆಯಲ್ಲ, ತಡೆಯುತ್ತೆ ಅನ್ನೋದೂ ಸರಿಯಲ್ಲ. ಕೆಳಗೆ ಟೊಳ್ಳಿದ್ದರೆ ಚಕ್ರ ಹತ್ತಿದಾಗ 20 ಮಿ.ಮೀ. ಟೈಲೂ ಸೀಳುತ್ತೆ.

ಮೊದಲು ತಳ. ನಿಮ್ಮಲ್ಲಿ ಕಪ್ಪು ಮಣ್ಣಿದ್ದರೆ ಒಂದಡಿಯಾದರೂ ಅಗೆದು ತೆಗೆಸಿ. ಅದು ಮಳೆಗೆ ಉಬ್ಬಿ ಬೇಸಿಗೆಗೆ ಬಿರಿಯುತ್ತೆ. ಮುರುಮ್ (ಗಟ್ಟಿ ಗರಸು ಮಣ್ಣು) ತುಂಬಿ, ಅರ್ಧರ್ಧ ಅಡಿಗೆ ನೀರು ಹಾಕಿ ದಮ್ಮಸು ಮಾಡಿಸಿ. ಮೇಲೆ 5 ಇಂಚು ಎಂ20 ದರ್ಜೆಯ ಕಾಂಕ್ರೀಟ್, ಒಳಗೆ 8 ಮಿ.ಮೀ. ಸರಳಿನ ಜಾಳಿಗೆ. ಇಳಿಜಾರನ್ನು ಕಾಂಕ್ರೀಟಿನಲ್ಲೇ ಕೊಡಿ, ಟೈಲ್ ಹಾಕುವಾಗ ಅಂಟಿಸುವ ಕೆಮಿಕಲ್ ದಪ್ಪ ಮಾಡಿ ಹೊಂದಿಸೋದು ಬೇಡ. ಅಡಿಗೆ 4 ಮಿ.ಮೀ. ಅಂದರೆ ಮನೆ ಗೋಡೆಯಿಂದ ಗೇಟಿಗೆ 64 ಮಿ.ಮೀ. ಆಗುತ್ತೆ. ಕಾಂಕ್ರೀಟ್ ಗಟ್ಟಿಯಾಗೋಕೆ 28 ದಿನ ಬಿಡಿ.

ಕೆಮಿಕಲ್ ಅಂದರೆ ಪಾಲಿಮರ್ ಸೇರಿದ ಟೈಲ್ ಅಡ್ಹೆಸಿವ್. ಚೀಲದ ಮೇಲೆ ಸಿ2 (ಹೆಚ್ಚು ಗಟ್ಟಿಯಾಗಿ ಹಿಡಿಯುವ) ದರ್ಜೆ, ಹೊರಾಂಗಣಕ್ಕೆ ಮತ್ತು ಪೋರ್ಸಲೀನ್‌ಗೆ ಆಗುತ್ತೆ ಅಂತ ಇರಬೇಕು. ಟೈಲಿನ ಬೆನ್ನಲ್ಲಿ ಬಿಳಿ ಪುಡಿ ಇದ್ದರೆ ಒದ್ದೆ ಸ್ಪಂಜಿನಿಂದ ಒರೆಸಿ. ಕಾಂಕ್ರೀಟ್ ಮೇಲೆ 12 ಮಿ.ಮೀ. ಹಲ್ಲಿನ ಕರಣೆಯಿಂದ ಗೆರೆಗಳನ್ನು ಒಂದೇ ದಿಕ್ಕಿಗೆ ಎಳೆಯಬೇಕು. ಟೈಲಿನ ಬೆನ್ನಿಗೂ ತೆಳ್ಳಗೆ ಬಳಿದು, ಗೆರೆಗೆ ಅಡ್ಡಲಾಗಿ ಸ್ವಲ್ಪ ಸರಿಸಿ ಒತ್ತಿ, ರಬ್ಬರ್ ಸುತ್ತಿಗೆಯಿಂದ ತಟ್ಟಬೇಕು. ಮೊದಲನೇ ಟೈಲನ್ನು ಕೂರಿಸಿದ ಕೂಡಲೇ ಎತ್ತಿ ನೋಡಿ: ಬೆನ್ನು ಪೂರ್ತಿ ಮೆತ್ತಿಕೊಂಡಿರಬೇಕು, ಮೂಲೆಗಳಂತೂ ಬಿಡಲೇಬಾರದು. ನಾಲ್ಕು ಮೂಲೆಗೊಂದು ನಡುವಿಗೊಂದು ಅಂತ ಐದು ಉಂಡೆ ಇಟ್ಟು ಒತ್ತುವ ಅಭ್ಯಾಸ ಇರೋರು ಬಹಳ ಜನ. ಆ ಉಂಡೆಗಳ ನಡುವೆಯೇ ಮಳೆ ನೀರು ನಿಲ್ಲೋದು, ಸಂದಿಯಿಂದ ಬಿಳಿ ಉಪ್ಪು ಉಕ್ಕೋದು, ಟೈಲ್ ಏಳೋದು. ನಿಮ್ಮ 160 ಚದರಡಿಗೆ 20 ಕೆ.ಜಿ.ಯ 6 ಚೀಲ ಬೇಕಾಗುತ್ತೆ. ಅಂಗಡಿಯವರು ಮೂರು ಸಾಕು ಅಂದರೆ ಅದು ತೆಳು ಟೈಲಿನ ಲೆಕ್ಕ.

ಸಂದಿ 4–5 ಮಿ.ಮೀ. ಬಿಡಿ. ಗೋಡೆಯ ಪಕ್ಕ 8–10 ಮಿ.ಮೀ. ಖಾಲಿ ಬಿಟ್ಟು ಸಿಲಿಕಾನ್ ಅಥವಾ ಪಿ.ಯು. (ಪಾಲಿಯುರೆಥೇನ್) ಸೀಲಂಟ್, ಅಂದರೆ ರಬ್ಬರಿನಂತೆ ಹಿಗ್ಗುವ ಪೇಸ್ಟ್, ತುಂಬಿಸಿ. 16 ಅಡಿ ಉದ್ದದ ನಡುವೆಯೂ ಅಂಥದ್ದೇ ಒಂದು ಸಾಲು ಬೇಕು, ಅದು ಕಾಂಕ್ರೀಟಿನಲ್ಲಿ ಬಿರುಕು ತಡೆಯೋಕೆ ಕೊಯ್ದ ಗೆರೆಯ (ಕಟ್) ಮೇಲೇ ಬರಬೇಕು. ಏಪ್ರಿಲ್ ಬಿಸಿಲಿಗೆ ಟೈಲ್ ಹಿಗ್ಗುತ್ತೆ, ಜಾಗ ಸಿಗದಿದ್ದರೆ ನಡುವೆ ಎದ್ದು ನಿಲ್ಲುತ್ತೆ. ಉಳಿದ ಸಂದಿಗಳಿಗೆ ತುಂಬುವ ಗ್ರೌಟ್ ಮಾರನೇ ದಿನ. ಕಾರು ಎರಡು ವಾರ ಆಚೆಯೇ ಇರಲಿ.

ಕತ್ತರಿಸೋಕೆ ಅಂಚು ಕಡಿಯದ ಪೋರ್ಸಲೀನ್ ಡೈಮಂಡ್ ಬ್ಲೇಡ್ ತರಿಸಿ, ನೀರು ಬಿಡುತ್ತಲೇ ಕೊಯ್ಯಿಸಿ. ಚರಂಡಿ ಚೇಂಬರ್ ಮುಚ್ಚಳದ ಸುತ್ತ ಎಲ್ ಆಕಾರ ಬರುವ ಕಡೆ, ಮೂಲೆಯಲ್ಲಿ ಮೊದಲು 8–10 ಮಿ.ಮೀ. ತೂತು ಕೊರೆದು ಆಮೇಲೆ ಎರಡೂ ಕಡೆಯಿಂದ ಕೊಯ್ಯಬೇಕು. ಇಲ್ಲದಿದ್ದರೆ ಬಿರುಕು ಆ ಮೂಲೆಯಿಂದಲೇ ಓಡುತ್ತೆ.

ಉಳಿದ ಟೈಲ್ ಟೆರೇಸ್‌ಗೆ ಹಾಕಬಹುದಾ ಅಂತಲೂ ಕೇಳಿದ್ದಿರಿ. ಹಾಕಬಹುದು, ಅಲ್ಲಿ ಅಂಟಿಸೋದೇ ಬೇಡ. ಬ್ರಿಕ್‌ಬ್ಯಾಟ್ ಕೋಬಾ (ತಾರಸಿಯ ಇಟ್ಟಿಗೆ ಚೂರಿನ ಪದರ) ಮೇಲಿನ ವಾಟರ್‌ಪ್ರೂಫಿಂಗ್ ಗಟ್ಟಿ ಇದೆಯಾ ಅಂತ 48 ಗಂಟೆ ನೀರು ಕಟ್ಟಿ ನೋಡಿ, ಆಮೇಲೆ ಎತ್ತರ ಹೊಂದಿಸುವ ಪ್ಲಾಸ್ಟಿಕ್ ಪೆಡಸ್ಟಲ್ (ಕಾಲು) ಮೇಲೆ ಇಡಿ. 2×2 ಅಡಿ ಟೈಲಿಗೆ ಮೂಲೆಗಳಲ್ಲಿ ಆಧಾರ ಸಾಕು, 2×4ಕ್ಕೆ ಉದ್ದದ ಬದಿಗಳ ನಡುವೆಯೂ ಆಧಾರ ಕೊಡಿ. ಚದರ ಮೀಟರಿಗೆ ಸುಮಾರು 45 ಕೆ.ಜಿ. ತೂಕ ಬೀಳುತ್ತೆ, ಇಂಜಿನಿಯರ್ ಹತ್ತಿರ ಒಂದು ಮಾತು ಕೇಳಿ. ಮಳೆ ನೀರಿನ ಕಿಂಡಿಯ ಮೇಲಿನ ಟೈಲ್ ಎತ್ತಿ ಕಸ ತೆಗೆಯೋಕೆ ಆಗುವ ಹಾಗೆ ಬಿಡಿಯಾಗಿರಲಿ.